ಬೆನ್ನ ಹಿಂದಿನ ಮ್ಯಾಚು

ಕೌಲ್ ಬಜಾರಿನ ಮೈದಾನದಲ್ಲಿ ಭಾನುವಾರ
ಬೆಳಿಗ್ಗೆ ಏಳಕ್ಕೆಲ್ಲ ಸುಣ್ಣ ಎಳೆದಿರುತ್ತೇನೆ,
ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ ಡಾಲ್ಡಾ ಡಬ್ಬಿಯಿಂದ.
ಸೋಮವಾರದಿಂದ ಶನಿವಾರ ಜೀನ್ಸಿಗೆ ಜಿಪ್ಪು ಕೂರಿಸುವ ಕೈ,
ಉಗುರಿನ ನೀಲಿ ಸುಣ್ಣಕ್ಕೂ ಹೋಗುವುದಿಲ್ಲ.
ಬಾವುಟ ನಾನೇ ಹೊಲಿದದ್ದು, ಕಿಸೆಯ ಒಳಬಟ್ಟೆ ಉಳಿದದ್ದರಲ್ಲಿ.
ಇನ್ನೂರು ರೂಪಾಯಿ, ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ:
ಇದು ಲೈನ್ಸ್‌ಮನ್ನಿನ ಸಂಬಳ.

ಆಟ ನನ್ನ ಮುಂದೆ ನಡೆಯುತ್ತದೆ.
ಹದಿಮೂರು ತುಂಬದ ಹುಡುಗರು, ಮೊಣಕಾಲು ದಾಟುವ ಚಡ್ಡಿ,
ಚೆಂಡು ಎಲ್ಲೋ ಅಲ್ಲಿ ಇಪ್ಪತ್ತು ಕಾಲು.
ಬೆನ್ನ ಹಿಂದೆ ಇನ್ನೊಂದು ಮ್ಯಾಚು.
ಅದಕ್ಕೆ ಸೀಟಿಯಿಲ್ಲ, ಹಾಫ್ ಟೈಮಿಲ್ಲ,
ಅಲ್ಲಿ ಆಡುವವರಿಗೆಲ್ಲ ನಲವತ್ತು ದಾಟಿದೆ.

ತಿರುಗಿ ನೋಡುವಂತಿಲ್ಲ ನಾನು. ದನಿಯಲ್ಲೇ ಗುರುತು.
ಹೆಲ್ಮೆಟ್ ತೆಗೆಯದೆ ಕೂಗುವ ಬ್ಯಾಂಕಿನ ಅಕ್ಕ,
ಬೈಗುಳ ಒಳಗೇ ಒಂದು ಸುತ್ತು ಹೊಡೆದು ಹೊರಗೆ ಬರುತ್ತದೆ.
ಗ್ರಾನೈಟ್ ಅಂಗಡಿಯ ಪಂಪಾಪತಿ, ಗೋಲಿಗೆ ನೂರು,
ಆ ಆರನೇ ನಂಬರಿನವನ ಮೊಣಕಾಲಿಗೆ ಇನ್ನೂರು ಎಂದು
ಹರಾಜು ಕೂಗಿದಂತೆ ಕೂಗುತ್ತಾನೆ.
ಆರನೇ ನಂಬರಿನವನ ಅಜ್ಜಿ ಆರೋಗ್ಯಮ್ಮ ಪಕ್ಕದಲ್ಲೇ ನಿಂತು
ಜಪಸರ ಎಣಿಸುತ್ತ, ನಡುನಡುವೆ
ಅವನ ಏಳು ತಲೆಮಾರನ್ನೂ ಎಣಿಸುತ್ತಾಳೆ.
ರೆಫರಿ ಕಲಂದರನಿಗೆ ಹತ್ತೊಂಬತ್ತು, ಮೀಸೆ ಈಗ ಬರುತ್ತಿದೆ.
ಕುರುಡ, ಕಳ್ಳ, ಎಷ್ಟು ತಿಂದೆ,
ಇವತ್ತು ಅವನಿಗೆ ಇಟ್ಟ ಹೆಸರು.
ಬೆಳಿಗ್ಗೆಯಿಂದ ಅವನು ಏನೂ ತಿಂದಿಲ್ಲ, ನನಗೆ ಗೊತ್ತು.

ಎಲ್ಲಕ್ಕಿಂತ ಜೋರು ಗಾದಿಲಿಂಗಪ್ಪ.
"ಕೊಟ್ರಾ! ಕೊಟ್ರಾ!"
ಅವನ ಮನೆಯ ತೆಲುಗಿನಲ್ಲಿ ಅದು ಹೊಡಿಯೋ ಅಂತ.
ಮಗನಿಗೆ ಅಮ್ಮನ ಕನ್ನಡ.
ಗೋಲಿನ ಬಾಯಲ್ಲಿ ಚೆಂಡು ಮೆಟ್ಟಿ ಒಂದು ಗಳಿಗೆ ನಿಂತ,
ಪಕ್ಕದ ಪೋರನಿಗೆ ಕೊಟ್ಟೇ ಬಿಟ್ಟ.
ಆ ಪೋರ ಆಕಾಶಕ್ಕೆ ಹೊಡೆದ.
"ಕೊಟ್ರಾ ಕೊಟ್ರಾ ಅಂತ ನೀನೇ ಕೇಳಿದಿ, ಕೊಟ್ಟೆ" ಎಂದ ಮಗ,
ಇತ್ತ ತಿರುಗದೆ.
ಹುಡುಗರೆಲ್ಲ ನಕ್ಕರು. ನಗಬಾರದಿತ್ತು.

ಚಪ್ಪಲಿ ಗೆರೆಯೊಳಗೆ ಬಂತು. ಎರಡು ಹೆಜ್ಜೆ, ನಾಲ್ಕು.
ಕೈ ಎತ್ತಿದ್ದ. ನಾನು ಬಾವುಟ ಎತ್ತಿದೆ.
ಬೇರೇನು ಎತ್ತಲಿ, ಹತ್ತಿರ ಇದ್ದದ್ದು ಅದೊಂದೇ.
ಕಲಂದರ್ ಸೀಟಿ ಊದಿ ಓಡಿ ಬಂದು, ಏನು, ಅಂದ.
ಆಫ್‌ಸೈಡು, ಅಂದೆ.
ಗಾದಿಲಿಂಗಪ್ಪ ನನ್ನನ್ನೊಮ್ಮೆ ನೋಡಿದ, ತನ್ನ ಕೈಯನ್ನೊಮ್ಮೆ.
ಅದೇ ಕೈಯಿಂದ ತಲೆ ಕೆರೆದುಕೊಂಡ.

ನಾನೇನು ದೊಡ್ಡ ಮನುಷ್ಯ ಅಲ್ಲ.
ಇದೇ ಗೆರೆಯ ಮೇಲೆ, ಹದಿನಾಲ್ಕು ವರ್ಷದ ಹಿಂದೆ,
ನನ್ನ ಗಂಟಲು ರೈಲ್ವೆ ಗೇಟಿನವರೆಗೆ ಕೇಳುತ್ತಿತ್ತು.
ನನ್ನ ಹುಲುಗ ಪೆನಾಲ್ಟಿ ತಪ್ಪಿದ ದಿನ
ನಾನು ಅಂದ ಮಾತು ಇಲ್ಲಿ ಬರೆಯುವುದಿಲ್ಲ.
ಅವನು ಅಲ್ಲೇ ಕೂತು ಬೂಟಿನ ದಾರ ಬಿಚ್ಚಿದ,
ಒಂದೊಂದೇ ತೂತಿನಿಂದ, ಅವಸರವಿಲ್ಲದೆ.
ಈಗ ಗಾಂಧಿನಗರದಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾನೆ, ಚೆನ್ನಾಗಿದ್ದಾನೆ.
ಬೀದಿಯ ಚೆಂಡು ಉರುಳಿ ಅಂಗಡಿಯೊಳಗೆ ಬಂದರೆ
ಕೈಯಲ್ಲಿ ಎತ್ತಿ ಕೊಡುತ್ತಾನೆ.
ಲೈನ್ಸ್‌ಮನ್ ಕೂಗುವಂತಿಲ್ಲ ಅಂತ ಯಾರೋ ಹೇಳಿದರು.
ಅದಕ್ಕೇ ಈ ಕೆಲಸ ಹಿಡಿದೆ.

ಎರಡನೇ ಅರ್ಧಕ್ಕೆ ಗೆರೆ ಉಳಿದಿರಲಿಲ್ಲ.
ಅಪ್ಪಂದಿರು ತುಳಿದು, ಅಮ್ಮಂದಿರು ತುಳಿದು
ಒಳಗೆ ಯಾವುದು, ಹೊರಗೆ ಯಾವುದು,
ಸುಣ್ಣ ಹಾಕಿದ ನನಗೇ ತಿಳಿಯದೆ
ಅಂದಾಜಿನ ಮೇಲೆ ಬಾವುಟ ಎತ್ತಿದೆ, ಇಳಿಸಿದೆ.
ಥ್ರೋ ಇನ್ನಿಗೆ ಬಂದ ಗಾದಿಲಿಂಗಪ್ಪನ ಮಗ
ಚೆಂಡು ತಲೆಯ ಮೇಲೆ ಹಿಡಿದು, ತುಟಿ ಅಲ್ಲಾಡಿಸದೆ ಕೇಳಿದ:
"ಮಾಮಾ, ನಮ್ಮಪ್ಪ ಅದಾನೇನು?"

ತಿರುಗಿ ನೋಡುವಂತಿಲ್ಲ ನಾನು. ತಿರುಗಿದೆ.
ಕರೆಂಟು ಕಂಬದ ಹತ್ತಿರ ಸ್ಕೂಟರಿನ ಮೇಲೆ ಒಬ್ಬನೇ ಕೂತು
ಎರಡೂ ಕೈ ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದ.
ಚಪ್ಪಲಿ ತುಂಬ ಸುಣ್ಣ.

"ಅದಾನ" ಅಂದೆ. "ನೀ ಒಗಿ."